ನರಳುಗುಡ್ಡದ ರಕ್ಕಸಿಗೆ ಎಣ್ಣೆ ಉಜ್ಜಿದ ಕತೆ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ನಡುವೆ ಕೇಳಬಾರದು, ಹೂಂ ಅಂತ ಮಾತ್ರ ಅನ್ನಬೇಕು, ಎಳ್ಳುಕೊಪ್ಪಲು ಅನ್ನೋ ಊರಿಗೆ ದೊಡ್ಡ ಗಂಡಾಂತರ ಬಂತಂತೆ. ಏನಪ್ಪಾ ಅಂದ್ರೆ, ಊರ ಗೌಡರ ಕತ್ತು ಉಳುಕಿತಂತೆ. ದಿಂಬು ಇಟ್ಟು ಮಲಗಿದ್ದಕ್ಕೋ ದಿಂಬು ಬಿಟ್ಟು ಮಲಗಿದ್ದಕ್ಕೋ ಯಾರಿಗೂ ತಿಳೀಲಿಲ್ಲ, ಬೆಳಿಗ್ಗೆ ಎದ್ದವರು ಎಡಗಡೆಗೆ ಮಾತ್ರ ನೋಡ್ತಾರೆ, ಬಲಗಡೆಗೆ ಕತ್ತು ತಿರುಗೋದೇ ಇಲ್ಲವಂತೆ. ಕೂಡಲೇ ತಮಟೆ ಹೊಡೆಸಿ ಊರಿಗೆಲ್ಲ ಸಾರಿದರಂತೆ, ಗೌಡರ ಹತ್ರ ಕೆಲಸ ಇರೋರು ಅವರ ಎಡಗಡೆಯಿಂದಲೇ ಬರಬೇಕು, ಬಲಗಡೆಯಿಂದ ಬಂದವರು ಬಂದೇ ಇಲ್ಲ ಅಂತ ಲೆಕ್ಕ. ಗೌಡರ ಹೆಂಡತಿ ಅವತ್ತಿಂದ ಬಲಗಡೆಯಲ್ಲೇ ಓಡಾಡಿಕೊಂಡು ನೆಮ್ಮದಿಯಾಗಿದ್ದಳಂತೆ.

ಆ ಊರಲ್ಲಿ ಗಾಣಿಗರ ಮನೆ ಒಂದಿತ್ತಂತೆ. ಎತ್ತು ಕಟ್ಟಿ ಗಾಣ ತಿರುಗಿಸಿ ಎಳ್ಳೆಣ್ಣೆ ತೆಗೆಯೋ ಜನ. ಆ ಮನೆ ಮಗಳು ಸಣ್ಣತಾಯಿ ಅಂತ. ಅವಳು ಎಣ್ಣೆಗೆ ಸೊಪ್ಪು, ಬೇರು ಹಾಕಿ ನೋವಿನೆಣ್ಣೆ ಕಾಸೋದರಲ್ಲಿ ಗಟ್ಟಿಗಿತ್ತಿ. ಅವಳು ಗೌಡರ ಎಡಗಡೆಯಿಂದಲೇ ಹೋಗಿ, ಲಕ್ಕಿಸೊಪ್ಪಿನ ರಸ ಹಾಕಿ ಕಾಸಿದ ಎಳ್ಳೆಣ್ಣೆ ಹಚ್ಚಿ, ಎಕ್ಕದ ಎಲೆ ಬಿಸಿ ಮಾಡಿ ಶಾಖ ಕೊಟ್ಟಳಂತೆ. ಮೂರನೇ ದಿನಕ್ಕೆ ಗೌಡರ ಕತ್ತು ಬಲಕ್ಕೆ ತಿರುಗಿತಂತೆ, ತಿರುಗಿದ ಕಡೆ ಹೆಂಡತಿ ಸಿಕ್ಕಳಂತೆ. ಆ ಸಂತೋಷಕ್ಕೆ ಗೌಡರು ಮತ್ತೆ ತಮಟೆ ಹೊಡೆಸಿದರಂತೆ, ಗಾಣಿಗರ ಸಣ್ಣತಾಯಿ ಎಣ್ಣೆಯಿಂದ ಗೌಡರ ಕತ್ತು ನೆಟ್ಟಗಾಯ್ತು ಅಂತ. ಮೊದಲನೇ ತಮಟೆಯಿಂದ ಯಾರಿಗೂ ಏನೂ ಆಗಿರಲಿಲ್ಲ. ಎರಡನೇ ತಮಟೆ ಹೊಡೆಸಬಾರದಿತ್ತು.

ಯಾಕೆ ಅಂದ್ರೆ, ಊರ ಪಕ್ಕದಲ್ಲಿ ಒಂದು ಗುಡ್ಡ ಇತ್ತಂತೆ, ನರಳುಗುಡ್ಡ ಅಂತ. ಹಗಲೂ ರಾತ್ರಿ ಆ ಗುಡ್ಡದಿಂದ ಊಂ ಊಂ ಅಂತ ಒಂದು ನರಳೋ ಸದ್ದು. ಅಜ್ಜ ಮುತ್ತಜ್ಜನ ಕಾಲದಿಂದಲೂ ಅದು ಗಾಳಿ ಸದ್ದು ಅಂತಲೇ ಎಲ್ಲರೂ ತಿಳಿದಿದ್ದರಂತೆ. ಆವತ್ತು ತಮಟೆ ನಿಂತ ಕೂಡಲೇ ಆ ಸದ್ದೂ ನಿಂತಿತಂತೆ. ಹುಟ್ಟಿದಾಗಿನಿಂದ ಕೇಳ್ತಿದ್ದ ಸದ್ದು ನಿಂತ ಮೇಲೆ ಊರು ಎಷ್ಟು ನಿಶ್ಶಬ್ದ ಆಯ್ತು ಅಂದ್ರೆ, ಗಾಣದ ಎತ್ತು ನಡೀತಾ ನಡೀತಾ ನಿಂತು ಗುಡ್ಡದ ಕಡೆ ಕಿವಿ ನಿಮಿರಿಸಿತಂತೆ. ಆಮೇಲೆ ಗುಡ್ಡ ಮಾತಾಡಿತಂತೆ.

ಆ ಎಣ್ಣೆಯವಳನ್ನು ಕಳಿಸ್ರೋ. ಕಳಿಸದಿದ್ರೆ ಒಂದೊಂದೇ ಬಂಡೆ ಉರುಳಿಸ್ತೀನಿ. ಮೊದಲನೇದು ಯಾರ ಮನೆ ಮೇಲೆ ಬೇಕೋ ನೀವೇ ಹೇಳಿ.

ಊರವರೆಲ್ಲ ಗೌಡರ ಜಗಲಿ ಹತ್ರ ಸೇರಿದರಂತೆ. ಎಲ್ಲರೂ ಅವರವರ ಮನೆ ಸೂರಿನ ಕಡೆ ನೋಡಿಕೊಂಡರು. ಆದರೂ ಒಬ್ಬರೂ ಹಿಂಜರಿಯದೆ, ತುಂಬ ಧೈರ್ಯ ಮಾಡಿ, ಸಣ್ಣತಾಯಿಯನ್ನು ಕಳಿಸೋದು ಅಂತ ತೀರ್ಮಾನ ಮಾಡಿದರಂತೆ. ಅವಳ ಅವ್ವ ಗಾಣದ ಮರಕ್ಕೆ ಒರಗಿಕೊಂಡು ಅತ್ತಳಂತೆ. ಸಣ್ಣತಾಯಿ ಎಣ್ಣೆ ಕುಡಿಕೆ ಎತ್ತಿಕೊಂಡು, ಬರ್ತೀನವ್ವ ಅಂತ ಹೊರಟಳಂತೆ. ಯಾರೇ ಆಗಲಿ ಹೊರಡುವಾಗ ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು, ಗೊತ್ತಲ್ಲ? ಹೋಗ್ತೀನಿ ಅಂದ್ರೆ ಅಪಶಕುನ. ಇದನ್ನು ನೆನಪಲ್ಲಿಟ್ಟುಕೋ, ಮುಂದೆ ಬೇಕಾಗುತ್ತೆ. ಹೂಂ ಅನ್ನು.

ಗುಡ್ಡದ ಮೇಲೆ ಒಂದು ಗವಿ. ಗವಿ ಬಾಗಿಲಲ್ಲಿ ಎರಡು ಬಂಡೆ, ಪಾಚಿ ಕಟ್ಟಿದ ದೊಡ್ಡ ಬಂಡೆ. ಸಣ್ಣತಾಯಿ ಒಂದರ ಮೇಲೆ ಕೈಯೂರಿ ಸುಧಾರಿಸಿಕೊಂಡಳಂತೆ. ಬಂಡೆ ಬೆಚ್ಚಗಿತ್ತಂತೆ.

ಅದೇ ಮಂಡಿ, ಅಲ್ಲಿಂದಲೇ ಶುರು ಮಾಡು, ಅಂತು ಮೇಲಿಂದ ಒಂದು ದನಿ.

ತಲೆ ಎತ್ತಿ ನೋಡ್ತಾಳೆ, ಬಂಡೆ ಅಲ್ಲ, ರಕ್ಕಸಿ ಮಡಿಚಿಕೊಂಡು ಕೂತ ಮಂಡಿಗಳು. ಕೂದಲಲ್ಲಿ ಕಾಗೆ ಗೂಡು ಕಟ್ಟಿದೆ, ಒಂದೊಂದು ಕಣ್ಣು ಒಂದೊಂದು ಎಣ್ಣೆ ಬಾನಿಯಷ್ಟಿದೆ. ಸಣ್ಣತಾಯಿಗೆ ಓಡಿಹೋಗಬೇಕು ಅನ್ನಿಸಿತಂತೆ, ಆದರೂ ಕೈಗೆ ಗೊತ್ತಿದ್ದ ಕೆಲಸ ಕೈ ಮಾಡ್ತಾ ಹೋಯ್ತಂತೆ. ಲಕ್ಕಿಸೊಪ್ಪಿನ ಎಣ್ಣೆ ಉಜ್ಜಿದಳು, ಮಂಡಿ ಸುತ್ತ ತಿಕ್ಕಿದಳು, ಹಿಂದಿನ ನರ ನೀವಿದಳು. ನೋವು ಸಡಿಲ ಆಗ್ತಾ ಆಗ್ತಾ ರಕ್ಕಸಿಗೆ ಮಾತು ಬಂತಂತೆ. ಮುನ್ನೂರು ವರ್ಷದ ಹಿಂದೆ ಗುಡ್ಡ ಇಳಿದಿದ್ದೆ ಕಣೇ, ಒಂದು ಮದುವೆ ದಿಬ್ಬಣ ಸಿಕ್ತು, ವಾಲಗದವರ ಸಮೇತ ಮುಗಿಸಿದೆ, ಹತ್ತುವಾಗ ಮಂಡಿ ಹಿಡೀತು ನೋಡು, ಆಮೇಲೆ ಇಳಿಯಕ್ಕೇ ಆಗಲಿಲ್ಲ.

ಸಣ್ಣತಾಯಿ ಕೈ ನಿಂತಿತಂತೆ. ಮಂಡಿ ವಾಸಿಯಾದ್ರೆ ಇವಳು ಇಳೀತಾಳೆ. ಇಳಿದ್ರೆ ಮೊದಲು ಸಿಗೋದು ಎಳ್ಳುಕೊಪ್ಪಲು. ಮೊದಲು ಸಿಗೋ ಮನೆ ಗುಡ್ಡದ ಬುಡದಲ್ಲಿರೋ ಗಾಣಿಗರದು.

ಯಾಕೆ ನಿಲ್ಲಿಸಿದೆ, ಉಜ್ಜು, ಅಂದಳಂತೆ ರಕ್ಕಸಿ.

ಉಜ್ಜಿದಳಂತೆ. ಕೆಲಸ ಮುಗೀತು, ರಕ್ಕಸಿ ಒಂದು ಕಾಲು ಚಾಚಿದಳು, ಗುಡ್ಡ ಒಂದು ಸಲ ಅಲುಗಿತು. ಸಣ್ಣತಾಯಿ ಕುಡಿಕೆ ಎತ್ತಿಕೊಂಡು, ಹೆದರಿಕೆಯಲ್ಲೂ ಮರ್ಯಾದೆ ಬಿಡದೆ, ಬರ್ತೀನಜ್ಜೀ ಅಂದುಬಿಟ್ಟಳಂತೆ.

ಯಾವಾಗ, ಅಂದಳಂತೆ ರಕ್ಕಸಿ.

ಏನು ಯಾವಾಗ?

ಬರ್ತೀನಿ ಅಂದೆಯಲ್ಲ, ಯಾವಾಗ ಬರ್ತೀಯಾ?

ಆ ಗವಿಗೆ ಹೋದವರು ಅಲ್ಲಿವರೆಗೆ ಯಾರೂ ವಾಪಸ್ ಹೊರಟಿರಲಿಲ್ಲ. ಹಾಗಾಗಿ ಹೊರಡೋರು ಏನಂತಾರೆ ಅನ್ನೋದು ರಕ್ಕಸಿ ಕಿವಿಗೆ ಬಿದ್ದೇ ಇರಲಿಲ್ಲವಂತೆ. ಸಣ್ಣತಾಯಿ ನಾಳೆ ಅಂದಳು. ಸರಿ, ನಾಳೆ ಸೊಂಟ ನೋಡು, ನೀನು ಬರದಿದ್ರೆ ನಾನೇ ಬರ್ತೀನಿ, ಈಗ ಮಂಡಿ ಇದೆ, ಅಂದಳಂತೆ ರಕ್ಕಸಿ.

ಊರಿಗೆ ಬಂದು ಹೇಳಿದ್ದಕ್ಕೆ ಗೌಡರು ಬೈದರಂತೆ, ಬರ್ತೀನಿ ಅಂತ ಯಾಕವ್ವಾ ಅಂದೆ, ಹೋಗ್ತೀನಿ ಅನ್ನಕ್ಕೆ ನಿನಗೆ ಬಾಯಿ ಇರಲಿಲ್ವಾ? ಅದಕ್ಕೆ ಸಣ್ಣತಾಯಿ ಅವ್ವ, ನಮ್ಮ ಮನೇಲಿ ಅಂಥ ಮಾತು ಆಡಿ ಅಭ್ಯಾಸ ಇಲ್ಲ ಗೌಡ್ರೇ, ನೀವು ಬೇಕಾದ್ರೆ ಹೋಗಿ ಅಂದು ಬನ್ನಿ, ಅಂದಳಂತೆ. ಗೌಡರು ಸ್ವಲ್ಪ ಹೊತ್ತು ಎಡಗಡೆಗೆ ನೋಡಿದರಂತೆ. ಆಮೇಲೆ ಒಂದು ಉಪಾಯ ಹೇಳಿದರಂತೆ, ನಾಳೆ ಎಣ್ಣೆ ಸರಿಯಾಗಿ ಕಾಸಬೇಡ, ಹಸಿ ಬಿಡು, ಸೊಂಟ ಹಾಗೇ ನೋಯ್ತಾ ಇರಲಿ.

ಸಣ್ಣತಾಯಿ ಒಲೆ ಮುಂದೆ ಕೂತು ತುಂಬ ಯೋಚನೆ ಮಾಡಿದಳಂತೆ. ಹರಳೆಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿದಳು, ಓಮ ಹಾಕಿದಳು, ನೊರೆ ಎದ್ದಿತು. ಈಗ ಇಳಿಸಿದ್ರೆ ಹಸಿ. ಸೌಟು ಕೈಯಲ್ಲೇ ಇತ್ತು, ಆದರೆ ಪಾತ್ರೆ ಇಳಿಸಕ್ಕೆ ಕೈ ಒಪ್ಪಲಿಲ್ಲ. ನೊರೆ ಅಡಗಿ, ಸುಂಯ್ ಅನ್ನೋ ಸದ್ದು ನಿಂತ ಮೇಲೇ ಇಳಿಸಿದಳಂತೆ.

ಒಳ್ಳೇದೇ ಆಯ್ತು. ಮಾರನೇ ದಿನ ರಕ್ಕಸಿ ಉಜ್ಜಿಸಿಕೊಳ್ಳೋ ಮುಂಚೆ ಒಂದು ಬತ್ತಿ ಹೊಸೆದು, ಆ ಎಣ್ಣೆಯಲ್ಲಿ ಅದ್ದಿ, ಬೆಂಕಿ ಮುಟ್ಟಿಸಿದಳಂತೆ. ಎಣ್ಣೆಯಲ್ಲಿ ನೀರಿನ ಪಸೆ ಇದ್ರೆ ಬತ್ತಿ ಚಟಪಟ ಅನ್ನುತ್ತೆ. ಬತ್ತಿ ಸುಮ್ಮನೆ ಉರೀತಂತೆ. ಚಟಪಟ ಅಂದಿದ್ರೆ ನಿನ್ನ ಮೂಳೆನೂ ಹಂಗೇ ಅಂತಿತ್ತು ಹುಡುಗೀ, ಅಂದು ಬೋರಲು ಮಲಗಿದಳಂತೆ.

ಸಣ್ಣತಾಯಿ ಬೆನ್ನ ಮೇಲೆ ಹತ್ತಿ ಸೊಂಟ ಉಜ್ಜಿದಳು. ಉಜ್ಜಿದ ಹಾಗೆಲ್ಲ ಎಣ್ಣೆ ಬಿಸಿಯಾಗಿ ಬೆಳ್ಳುಳ್ಳಿ ಘಮ್ ಅಂತು, ಓಮ ಘಮ್ ಅಂತು. ಆಗ ಕಾಲ ಕೆಳಗೆ ಗುಡುಗುಡು ಅಂತ ಏನೋ ಉರುಳಿದ ಸದ್ದು ಬಂತಂತೆ. ಗುಡುಗು ಅಂದುಕೊಂಡಳು. ಗುಡುಗಲ್ಲ, ರಕ್ಕಸಿ ಹೊಟ್ಟೆ.

ಏನೇ ಇದು, ಒಗ್ಗರಣೆ ವಾಸನೆ, ಅಂದಳಂತೆ ರಕ್ಕಸಿ. ಮೂಗು ಅರಳಿಸಿ ನಿಧಾನಕ್ಕೆ ತಲೆ ತಿರುಗಿಸಿದಳಂತೆ. ಸಣ್ಣತಾಯಿ ತನ್ನ ಕೈ ನೋಡಿಕೊಂಡಳು. ಮೊಣಕೈವರೆಗೆ ಎಣ್ಣೆ, ಬೆಳ್ಳುಳ್ಳಿ, ಓಮ. ಉಪ್ಪೊಂದು ಬಾಕಿ. ಬೆವರಿಳೀತಾ ಇತ್ತು, ಅದೂ ಬಾಕಿ ಉಳಿಯೋ ಹಾಗಿರಲಿಲ್ಲ. ತಟ್ಟನೆ ಸೆರಗಿನ ಗಂಟು ಬಿಚ್ಚಿ, ದಾರಿಯಲ್ಲಿ ಕಿತ್ತು ಇಟ್ಟುಕೊಂಡಿದ್ದ ಮಜ್ಜಿಗೆ ಹುಲ್ಲನ್ನು ಎರಡೂ ಕೈಯಲ್ಲಿ ಹೊಸಕಿ ಎಣ್ಣೆಗೆ ಬೆರೆಸಿ, ರಕ್ಕಸಿ ಮೂಗಿನ ಕಡೆ ಬೀಸಿದಳಂತೆ. ನಿಂಬೆಹಣ್ಣಿನಂಥ ಆ ಪರಿಮಳಕ್ಕೆ ಒಗ್ಗರಣೆ ವಾಸನೆ ಹಿಂದೆ ಸರೀತು. ರಕ್ಕಸಿ ಒಂದು ಆಕಳಿಕೆ ತೆಗೆದಳು, ಕಣ್ಣು ಅರ್ಧ ಮುಚ್ಚಿದಳು, ಈಗ ನೀನು ಮುಚ್ಚಿರೋ ಹಾಗೇ, ಮೈ ಸಡಿಲ ಬಿಟ್ಟಳು.

ಈ ಸಲ ಏನೂ ಅನ್ನೋದೇ ಬೇಡ ಅಂತ ಸಣ್ಣತಾಯಿ ತುಟಿ ಕಚ್ಚಿಕೊಂಡು, ತುದಿಗಾಲಲ್ಲಿ ನಡೆದು ಗವಿ ಬಾಗಿಲ ತನಕ ಬಂದಳಂತೆ. ಒಂದು ಹೆಜ್ಜೆ ಹೊರಗೆ ಇಟ್ಟಳಂತೆ.

ಇವತ್ತು ಬರ್ತೀನಿ ಅನ್ನಲಿಲ್ಲ ನೀನು, ಅಂತು ಹಿಂದಿನಿಂದ ದನಿ.

ಬರ್ತೀನಜ್ಜೀ, ಅಂದಳಂತೆ ಸಣ್ಣತಾಯಿ.

ಮೂರನೇ ದಿನ ಹಲ್ಲು, ಹಿಂದಿನ ದಿನವೇ ರಕ್ಕಸಿ ಹೇಳಿ ಕಳಿಸಿದ್ದಳಂತೆ. ಬಲಗಡೆ ದವಡೆ ಹಲ್ಲು ನೋವಿಗೆ ಮುನ್ನೂರು ವರ್ಷದಿಂದ ಏನೂ ಅಗಿದಿಲ್ಲವಂತೆ ರಕ್ಕಸಿ, ಗುಡ್ಡದ ಒರತೆ ನೀರು ಕುಡಿದುಕೊಂಡು ಬದುಕಿದಾಳಂತೆ. ಸಣ್ಣತಾಯಿ ಲವಂಗದ ಎಣ್ಣೆಯಲ್ಲಿ ಒಂದು ಹಿಡಿ ಅರಳೆ ನೆನೆಸಿ ತಂದಿದ್ದಳು. ಬಾಯಿ ತೆಗಿ ಅಜ್ಜೀ ಅಂದಳು. ತೆಗೆದಳು. ಒಳಗೆ ಕತ್ತಲು, ಕತ್ತಲಲ್ಲಿ ಎರಡು ಸಾಲು ಹಲ್ಲು, ಹಲ್ಲಿನ ಸಂದಿಯಲ್ಲಿ ಇನ್ನೂ ವಾಲಗದ ಒಂದು ಚೂರು ಸಿಕ್ಕಿಕೊಂಡಿತ್ತಂತೆ. ಸಣ್ಣತಾಯಿ ಕಣ್ಣು ಮುಚ್ಚಿ ಭುಜದವರೆಗೆ ಕೈ ಹಾಕಿ, ನೋಯೋ ಹಲ್ಲಿನ ಬುಡಕ್ಕೆ ಅರಳೆ ಒತ್ತಿ ಹಿಡಿದು ನಿಂತಳಂತೆ. ಬಿಸಿ ಉಸಿರು ಬಂತು, ಹೋಯ್ತು. ಬಂತು, ಹೋಯ್ತು. ಕೈ ಆಚೆ ಎಳೆದುಕೊಂಡಾಗ ಐದೂ ಬೆರಳು ಎಣಿಸಿಕೊಂಡಳಂತೆ.

ರಕ್ಕಸಿ ದವಡೆ ಕೂಡಿಸಿದಳು. ಕಟ್. ಇನ್ನೊಂದು ಸಲ, ಕಟ್. ನೋವಿಲ್ಲ. ಎದ್ದು ನಿಂತಳು, ಮಂಡಿ ನೋವಿಲ್ಲ. ಬಗ್ಗಿದಳು, ಸೊಂಟ ನೋವಿಲ್ಲ. ಬಗ್ಗಿ ಎರಡೇ ಬೆರಳಲ್ಲಿ ಸಣ್ಣತಾಯಿಯನ್ನು ಎತ್ತಿ ಬಾಯಿ ಹತ್ರ ತಂದಳಂತೆ. ಬಾಯಿಂದ ಲವಂಗದ ಪರಿಮಳ ಬರ್ತಿತ್ತಂತೆ.

ಮಂಡಿ ನೋವು ಹೋಯ್ತು, ಸೊಂಟದ ನೋವು ಹೋಯ್ತು, ಹಲ್ಲುನೋವೂ ಹೋಯ್ತು. ಇನ್ನು ನೀನು ಯಾಕೆ ಬೇಕು ಹೇಳು, ಅಂದಳಂತೆ.

ಸಣ್ಣತಾಯಿ ಕೆಳಗೆ ನೋಡಿದಳು. ದೂರದಲ್ಲಿ ಅವ್ವ ಗಾಣದ ಹತ್ರ ನಿಂತು ಗುಡ್ಡದ ಕಡೆ ನೋಡ್ತಿದ್ದದ್ದು ಇರುವೆ ಹಾಗೆ ಕಾಣ್ತಂತೆ. ಬರ್ತೀನವ್ವ ಅಂತ ಬಂದಿದ್ದಳು. ಆ ಮಾತು ನೆನಪಾಗಿದ್ದೇ ಅವಳ ನಾಲಿಗೆ ತಿರುಗಿತಂತೆ.

ಅಜ್ಜೀ, ನೋವು ಹೋಗುವಾಗ ಏನಂತು ಅಂತ ಕೇಳಿಸ್ಕೊಂಡ್ಯಾ?

ಏನಂತು?

ಅದೂ ನಮ್ಮ ಕಡೆದೇ ಅಜ್ಜೀ, ಹೋಗ್ತೀನಿ ಅನ್ನಲ್ಲ. ಬರ್ತೀನಿ ಅಂತಲೇ ಹೋಗಿದ್ದು.

ರಕ್ಕಸಿ ಮುಖ ಬಿಳಿಚಿಕೊಂಡಿತಂತೆ. ಬರ್ತೀನಿ ಅಂದವರು ಬಂದೇ ಬರ್ತಾರೆ ಅನ್ನೋದನ್ನ ಅವಳು ಎರಡು ದಿನ ಕಣ್ಣಾರೆ ನೋಡಿದ್ದಳು. ಮುನ್ನೂರು ವರ್ಷ ಊರಿಗೆಲ್ಲ ಕೇಳೋ ಹಾಗೆ ನರಳಿದವಳು ಈಗ ಪಿಸುಗುಟ್ಟಿದಳಂತೆ, ಯಾವಾಗ?

ಮೋಡ ಮುಚ್ಚಿದ ದಿನ ಬರುತ್ತೆ, ಚಳಿಗೆ ಬರುತ್ತೆ, ಗುಡ್ಡ ಇಳಿದು ಹತ್ತಿದ್ರಂತೂ ಅವತ್ತೇ ಬರುತ್ತೆ. ಎಣ್ಣೆ ನೋವನ್ನ ಕಳಿಸುತ್ತೆ ಅಜ್ಜೀ, ಬಾಗಿಲು ಹಾಕಲ್ಲ. ಬಂದಾಗ ಮತ್ತೆ ಉಜ್ಜಬೇಕು.

ರಕ್ಕಸಿ ಅವಳನ್ನು ಮೆಲ್ಲಗೆ ಕೆಳಗಿಳಿಸಿದಳಂತೆ. ಹಂಗಾದ್ರೆ ನಿನ್ನ ಬಿಡ್ತೀನಿ, ಮಿಕ್ಕವರನ್ನ ತಿಂತೀನಿ, ಅಂದಳಂತೆ. ಎಳ್ಳು ಬೆಳೆಯೋರನ್ನ ತಿಂದ್ರೆ ಎಳ್ಳೆಲ್ಲಿ ಅಂದಳು ಸಣ್ಣತಾಯಿ. ಸರಿ, ಅವರನ್ನ ಬಿಟ್ಟೆ. ಗಾಣ ತಿರುಗಿಸೋರನ್ನ ತಿಂದ್ರೆ ಎಣ್ಣೆ ಎಲ್ಲಿ? ಅವರನ್ನೂ ಬಿಟ್ಟೆ. ಕುಡಿಕೆ ಮಾಡೋ ಕುಂಬಾರರು, ಸೊಪ್ಪು ತರೋ ಮುದುಕಿಯರು, ಎತ್ತು ಕಾಯೋರು, ಎಲ್ಲರನ್ನೂ ಒಬ್ಬೊಬ್ಬರಾಗಿ ಬಿಟ್ಟಳಂತೆ. ಕೊನೆಗೆ, ನಿಮ್ಮೂರಲ್ಲಿ ಗೌಡ ಅಂತ ಒಬ್ಬ ಇದಾನಲ್ಲ, ತಮಟೆ ಹೊಡೆಸೋನು, ಅವನಿಂದ ಎಣ್ಣೆಗೇನು ಉಪಯೋಗ, ಅಂತ ಕೇಳಿದಳಂತೆ.

ಸಣ್ಣತಾಯಿ ಬಹಳ ಹೊತ್ತು ಯೋಚಿಸಿದಳಂತೆ. ರಕ್ಕಸಿ ಆಸೆಯಿಂದ ಕಾದಳಂತೆ.

ಹೊಸ ಎಣ್ಣೆ ಕಾಸಿದಾಗ ಮೊದಲು ಅವರ ಕತ್ತಿಗೆ ಹಚ್ಚಿ ನೋಡ್ತೀವಿ ಅಜ್ಜೀ, ಅಂದಳಂತೆ ಕೊನೆಗೆ. ರಕ್ಕಸಿ ನಿಟ್ಟುಸಿರು ಬಿಟ್ಟು ಅವನನ್ನೂ ಬಿಟ್ಟಳಂತೆ.

ಮತ್ತೆ ಹೊಟ್ಟೆಗೆ ಅಂದ್ರೆ, ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯೋ ಎಳ್ಳಿನ ಹಿಂಡಿ ಇದೆಯಲ್ಲ, ಅದಕ್ಕೆ ಬೆಲ್ಲ ಕುಟ್ಟಿ ಹಾಕಿ ಉಂಡೆ ಕಟ್ಟಿ, ಪ್ರತಿ ಸೋಮವಾರ ಒಂದು ಗಾಡಿ ಕಳಿಸೋದು ಅಂತಾಯ್ತಂತೆ. ಗಾಡಿ ಜೊತೆ ಸಣ್ಣತಾಯಿ ಹೋಗಿ, ಎಲ್ಲಿ ನೋವು ಬಂದಿದೆಯೋ ಅಲ್ಲಿಗೆ ಎಣ್ಣೆ ಉಜ್ಜಿ, ಬರ್ತೀನಜ್ಜೀ ಅಂದು ಬರೋಳಂತೆ. ಗುಡ್ಡದ ಕೆಳಗೆ ಅವ್ವ ಕಾಯ್ತಾ ಇರೋಳಂತೆ. ರಕ್ಕಸಿ ಮಂಡಿ ನೋವಿನ ಹೆದರಿಕೆಗೆ ಗುಡ್ಡ ಇಳಿಯಲೇ ಇಲ್ಲವಂತೆ. ಗುಡ್ಡದ ನರಳಾಟ ನಿಂತ ಮೇಲೆ ಊರವರಿಗೆ ಎಷ್ಟೋ ದಿನ ನಿದ್ದೆ ಬರಲಿಲ್ಲವಂತೆ, ಆಮೇಲೆ ಅಭ್ಯಾಸ ಆಯ್ತಂತೆ.

ಹೂಂ ಅನ್ನೋದು ನಿಲ್ಲಿಸಿದೆ ನೀನು. ಮಲಗು, ಕತೆ ಇಷ್ಟೇ. ಗೌಡರ ಕತ್ತು ಆಮೇಲೆ ಎಡಕ್ಕೂ ತಿರುಗ್ತಿತ್ತಂತೆ, ಬಲಕ್ಕೂ ತಿರುಗ್ತಿತ್ತಂತೆ, ಗುಡ್ಡದ ಕಡೆಗೆ ಮಾತ್ರ ತಿರುಗ್ತಿರಲಿಲ್ಲವಂತೆ.