ಬೊಗಸೆ ನೋಡದ ಅರವಟ್ಟಿಗೆ

"ಕಲಿಯದವರ ಹೆಸರು ತೆಗೆದುಹಾಕಿದರೆ ತಪ್ಪೇನು ಗುರುಗಳೇ?" ಎಂದು ಗಿರಿಮಲ್ಲ ಕೇಳಿದ. ಅದು ಪ್ರಶ್ನೆಯಂತಿರಲಿಲ್ಲ, ಜಗಳದಂತಿತ್ತು.

ಅವನ ಸಿಟ್ಟಿಗೆ ಕಾರಣವಿತ್ತು. ಮೊದಲು ದರ್ಜಿಯಾಗಿದ್ದ ಅವನು ಮಠದ ಪರವಾಗಿ ಹೊಲಿಗೆಯ ಆನ್‌ಲೈನ್ ಕೋರ್ಸ್ ಸಿದ್ಧಪಡಿಸಿದ್ದ. ವಿಡಿಯೊ, ಚಿತ್ರ, ಪರೀಕ್ಷೆ ಎಲ್ಲವನ್ನೂ ವೆಬ್‌ಸೈಟಿಗೆ ಹಾಕಲು ಒಬ್ಬನೇ ದುಡಿದಿದ್ದ. ಕೋರ್ಸ್ ಮುಗಿಸಿದ ಹೆಂಗಸರಿಗೆ ಮಠ ಹೊಲಿಗೆ ಯಂತ್ರ ಕೊಡುತ್ತದೆ. ಅಂದರೆ, ಹೆಸರು ಹೋದರೆ ಯಂತ್ರವೂ ಇಲ್ಲ, ಅದರಿಂದಾಗುವ ಜೀವನವೂ ಇಲ್ಲ. ಆದರೆ ಹೆಚ್ಚಿನವರು ಕಾಲರ್ ಹೊಲಿಯುವ ಪಾಠದಲ್ಲೇ ನಿಂತುಬಿಟ್ಟಿದ್ದರು.

"ಹೊನ್ನವ್ವ ಅಂತ ಒಬ್ಬಳು, ಅದೇ ವಿಡಿಯೊ ಹಿಂದೆ ತಿರುಗಿಸಿ ತಿರುಗಿಸಿ ನೋಡುತ್ತಾಳೆ, ವೆಬ್‌ಸೈಟಿನ ಲೆಕ್ಕದಲ್ಲಿ ಕಾಣುತ್ತದೆ. ಬುದ್ಧಿ ಇದ್ದರೆ ತಾನೇ? ಇನ್ನೇನು, ಮನೆಮನೆಗೆ ಹೋಗಿ ಕೈಹಿಡಿದು ಹೊಲಿಸಲೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಅರವಟ್ಟಿಗೆ ಇಟ್ಟ. ದಾರಿಹೋಕರಿಗೆ ಪುಕ್ಕಟೆ ನೀರು ಕೊಡುವ ಚಪ್ಪರ ಅದು. ಅಲ್ಲಿ ಕುಡಿಯುವವನು ಬಾಗಿ ಬೊಗಸೆಯೊಡ್ಡುತ್ತಾನೆ. ಹೊಯ್ಯುವವನು ಆ ಬೊಗಸೆಯನ್ನೇ ನೋಡುತ್ತ ಹೊಯ್ಯುತ್ತಾನೆ. ನಡುಗುವ ಕೈಗೆ ಸಣ್ಣ ಧಾರೆ, ಗಟ್ಟಿ ಕೈಗೆ ದಪ್ಪ ಧಾರೆ. ಹೀಗೆ ದಿನವೂ ನಿಂತು ಹೊಯ್ದು ಹೊಯ್ದು ವ್ಯಾಪಾರಿಗೆ ಬೇಸರ ಬಂತು. ಹಂಡೆಗೆ ಹಿತ್ತಾಳೆಯ ಕೊಳವೆ ಹಾಕಿಸಿ, ಎಲ್ಲರಿಗೂ ಒಂದೇ ಧಾರೆ ಬೀಳುವಂತೆ ಮಾಡಿ, ತಾನು ನೆರಳಿಗೆ ಹೋಗಿ ಕೂತ. ಒಬ್ಬ ಮುದುಕಿ ಬಂದಳು. ಧಾರೆಯ ರಭಸಕ್ಕೆ ಅವಳ ಬೊಗಸೆ ಬಿಚ್ಚಿ ನೀರೆಲ್ಲ ನೆಲಕ್ಕೆ ಹೋಯಿತು. ಮತ್ತೆ ಒಡ್ಡಿದಳು, ಮತ್ತೆ ಹೋಯಿತು.

"ಕುಡಿಯೋಕೂ ಬರಲ್ವೇನೇ ಮುದುಕಿ? ನೀರು ಹಾಳು ಮಾಡಬೇಡ, ನಡಿ" ಎಂದು ವ್ಯಾಪಾರಿ ಕೂತಲ್ಲಿಂದಲೇ ಗದರಿದ.

"ಹೋಗ್ತೀನಪ್ಪ. ಬಾಯಾರಿಕೆ ಇಲ್ಲದಿದ್ರೆ ಮತ್ತೆ ಕೈಯೊಡ್ಡತಿದ್ನಾ?" ಎಂದು ಮುದುಕಿ ಒದ್ದೆ ಸೆರಗು ಹಿಂಡಿಕೊಂಡು, ಒಣಬಾಯಲ್ಲೇ ಹೊರಟಳು.

"ಅವನದೇ ತಪ್ಪು. ಎದ್ದು ಬಂದು ನೋಡಬೇಕಿತ್ತು" ಎಂದ ಗಿರಿಮಲ್ಲ. "ಆದರೆ ನನ್ನ ಪಾಠದಲ್ಲಿ ಕೊರತೆಯಿಲ್ಲ."

ಈಗ ಸಿಟ್ಟು ಗುರುಗಳಿಗೆ ಬಂತು. "ಹೊನ್ನವ್ವ ತಿರುಗಿಸಿ ನೋಡುವ ಜಾಗ ಯಾವುದು, ಹಾಕು."

ಗಿರಿಮಲ್ಲ ಫೋನಿನಲ್ಲಿ ಹಾಕಿದ. ಬಟ್ಟೆ ಮಡಚಿ ಕಾಲರ್ ಕೂರಿಸುವ ಜಾಗ ಅದು. ಪರದೆಯಲ್ಲಿ ಅವನದೇ ಅಂಗೈ ಅಡ್ಡ ಬಂದು ಸೂಜಿಯನ್ನೂ ಮಡಿಕೆಯನ್ನೂ ಮುಚ್ಚಿತ್ತು. ಮಾಡಿದ ಮೇಲೆ ಅವನು ಆ ವಿಡಿಯೊ ನೋಡಿಯೇ ಇರಲಿಲ್ಲ. ಹಿಂದೆ ತಿರುಗಿಸಿದ. ಮತ್ತೆ ಅಂಗೈಯೇ ಕಂಡಿತು.

ಗುರುಗಳು ಕೇಳಿದರು: "ಈಗ ಹೇಳು, ಯಾರ ಹೆಸರು ತೆಗೆಯೋಣ?"