ಮುಕ್ಕಾಲು ಬಿಡುವಿದ್ದ ಅಡುಗೆಮನೆ

"ಗುರುಗಳೇ, ಕಂಪ್ಯೂಟರ್ ತೆವಳುತ್ತಿದೆ. ಪ್ರೊಸೆಸರಿನ ಗ್ರಾಫ್ ನೋಡಿದರೆ ಮುಕ್ಕಾಲು ಪಾಲು ಬಿಡುವಾಗಿದೆ ಎಂದು ತೋರಿಸುತ್ತದೆ. ಯಾವುದನ್ನು ನಂಬಲಿ? ದೊಡ್ಡ ಯಂತ್ರ ತರಿಸೋಣವೇ?"

ಕೇಳಿದವನು ಚನ್ನವೀರ. ಮಠದ ತಾಳೆಗರಿಗಳ ಚಿತ್ರಗಳನ್ನು ಕಂಪ್ಯೂಟರಿಗೆ ಏರಿಸುವ ಶಿಷ್ಯ. ಗುರುಗಳು ನಕ್ಕು ಹೇಳತೊಡಗಿದರು.

ಒಬ್ಬ ವರ್ತಕ ಮಗಳ ಮದುವೆ ಮುಗಿಸಿ ಬೀಗರನ್ನು ಊಟಕ್ಕೆ ಕರೆದ. ನಾಲ್ವರು ಅಡುಗೆಯವರನ್ನು ನೇಮಿಸಿದ. ಎಲೆ ಹಾಕಿ ಬಹಳ ಹೊತ್ತಾದರೂ ಊಟ ಬರಲಿಲ್ಲ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗಿನ ಸಮಾಚಾರ ತಿಳಿದು ಬಾ ಎಂದು ವರ್ತಕ ಗುಮಾಸ್ತನನ್ನು ಅಟ್ಟಿದ.

"ಕಾಲು ಪಾಲು ಕೆಲಸ, ಮುಕ್ಕಾಲು ಪಾಲು ಬಿಡುವು, ಧಣಿ" ಎಂದ ಗುಮಾಸ್ತ.

ಅಡುಗೆಯವರು ಸೋಮಾರಿಗಳು ಎಂದುಕೊಂಡ ವರ್ತಕ ಪಕ್ಕದ ಬೀದಿಯಿಂದ ಇನ್ನೂ ನಾಲ್ವರನ್ನು ಕರೆಸಿದ. ಗುಮಾಸ್ತ ಮತ್ತೆ ನೋಡಿ ಬಂದು, ಬಿಡುವು ಇನ್ನೂ ಹೆಚ್ಚಿದೆ ಎಂದ. ಅಷ್ಟರಲ್ಲಿ ಹಿರಿಯ ಬೀಗರು ಶಲ್ಯ ಕೊಡವಿ ಏಳಲು ಅನುವಾದರು.

ವರ್ತಕ ತಾನೇ ಅಡುಗೆಮನೆಗೆ ಓಡಿದ. ಏಳು ಜನ ಗೋಡೆಗೊರಗಿ ಎಲೆಅಡಿಕೆ ಮೆಲ್ಲುತ್ತಿದ್ದರು. ಒಬ್ಬಳು ಮಾತ್ರ ಬೆವರಿಳಿಸುತ್ತ ಹೂರಣ ಕಟ್ಟಿ, ತಟ್ಟಿ, ಬೇಯಿಸಿ, ಮತ್ತೆ ಹೂರಣಕ್ಕೆ ಕೈ ಹಾಕುತ್ತಿದ್ದಳು.

"ಇವರೆಲ್ಲ ಯಾಕೆ ಕೂತಿದ್ದಾರೆ?" ಎಂದು ಗದರಿದ.

"ಹೋಳಿಗೆ ನಾನೊಬ್ಬಳೇ ಮಾಡಬೇಕು, ಅದು ಎಲೆಗೆ ಬೀಳದೆ ಬೇರೇನೂ ಬಡಿಸಬಾರದು ಎಂದು ನೀವೇ ಅಪ್ಪಣೆ ಕೊಟ್ಟಿದ್ದಿರಲ್ಲ, ಧಣಿ" ಎಂದಳು ಅವಳು, ಕೈ ನಿಲ್ಲಿಸದೆ.

ವರ್ತಕ ಹಣೆ ಚಚ್ಚಿಕೊಂಡು ನಕ್ಕ. ಕಟ್ಟುವುದು ಒಬ್ಬರಿಗೆ, ತಟ್ಟುವುದು ಇಬ್ಬರಿಗೆ, ಬೇಯಿಸುವುದು ಉಳಿದವರಿಗೆ ಎಂದು ಹಂಚಿದ. ತಾನು ತುಪ್ಪದ ಗಿಂಡಿ ಹಿಡಿದು ಪಂಕ್ತಿಗೆ ನುಗ್ಗಿದ. ಹಿರಿಯ ಬೀಗರು ಎಷ್ಟು ಉಂಡರೆಂದರೆ, ಅವರನ್ನು ಎಬ್ಬಿಸಲು ಇಬ್ಬರು ಕೈ ಕೊಡಬೇಕಾಯಿತು.

ಕತೆ ಕೇಳಿದ ಚನ್ನವೀರ ಪ್ರೊಸೆಸರಿನ ನಾಲ್ಕು ಭಾಗಗಳ ಗೆರೆಗಳನ್ನು ಬೇರೆಬೇರೆಯಾಗಿ ತೆರೆದು ನೋಡಿದ. ಮೂರು ನೆಲಕ್ಕಂಟಿದ್ದವು. ಒಂದು ಮೇಲಿನ ಅಂಚಿಗೆ ತಾಗಿಕೊಂಡಿತ್ತು.

"ಎಲ್ಲ ಕೆಲಸವೂ ಒಂದರ ತಲೆಯ ಮೇಲೆ! ಉಳಿದವಕ್ಕೂ ಹಂಚಿದರಾಯಿತು" ಎಂದು ಹಿಗ್ಗಿದ.

"ಹಂಚು, ಮಗು. ಆದರೆ ಈ ಕೆಲಸ ಬಲ್ಲ ಶಿಷ್ಯರು ಮಠದಲ್ಲಿ ಇನ್ನೂ ಮೂವರಿರುವಾಗ, ಈ ಕೋಣೆಯ ಬೀಗದ ಕೈ ಮಾತ್ರ ಸದಾ ನಿನ್ನ ಸೊಂಟದಲ್ಲೇ ಯಾಕಿರುತ್ತದೆ?" ಎಂದರು ಗುರುಗಳು.

ಚನ್ನವೀರನ ಕೈ ಸೊಂಟಕ್ಕೆ ಹೋಯಿತು.