ಎರಡು ಗಡಿಯಾರಗಳ ಎಣಿಕೆ

"ಗುರುಗಳೇ, ಸರಿಯಾಗಿರುವವನೇ ಏಕೆ ತಗ್ಗಬೇಕು?" ಎಂದು ಶಿಷ್ಯ ಕೇಳಿದ.

ಆಗಷ್ಟೇ ಪ್ರಾರ್ಥನೆ ಮುಗಿದಿತ್ತು. ಅಂದು ಅವನೂ ಒಬ್ಬ ಹಿರಿಯ ಶಿಷ್ಯನೂ ಕೂಡಿ ಹಾಡಬೇಕಿತ್ತು. ಹಿರಿಯನ ಲಯ ಹಿಂದೆ ಬೀಳುತ್ತಿತ್ತು. ಕಿರಿಯ ತನ್ನ ಲಯ ಬಿಟ್ಟುಕೊಡಲಿಲ್ಲ. ಕೇಳಲು ಬಂದವರು ಅರ್ಧಕ್ಕೇ ಎದ್ದು ಹೋದರು.

"ತಾಳ ನನ್ನದೇ ಸರಿಯಿತ್ತು. ಬೇಕಾದರೆ ಯಾರನ್ನಾದರೂ ವಿಚಾರಿಸಿ" ಎಂದ.

ಗುರುಗಳು ಯಾರನ್ನೂ ವಿಚಾರಿಸಲಿಲ್ಲ. "ಕುಳಿತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಪದ್ಮರಾಜ ಎಂಬ ಧ್ವನಿಮುದ್ರಣಗಾರನಿದ್ದ. ಮನೆಯ ಹಿಂದಿನ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದ. ದನಿಯನ್ನು ಅಂಕಿಗಳಾಗಿ ಬರೆದಿಡುವ ಹೊಸ ಯಂತ್ರವೊಂದು ಅವನಲ್ಲಿತ್ತು. ಅದರೊಳಗೆ ಒಂದು ಗಡಿಯಾರ. ಅದು ಒಂದು ಸೆಕೆಂಡನ್ನು ನಲವತ್ತೆಂಟು ಸಾವಿರ ಚೂರು ಮಾಡಿ, ಒಂದೊಂದು ಚೂರಿಗೂ ದನಿಯ ಒಂದೊಂದು ಅಳತೆ ಹಿಡಿಯುತ್ತಿತ್ತು. ಅಷ್ಟು ನಿಖರವಾದ ಗಡಿಯಾರ ಆ ಸೀಮೆಯಲ್ಲೇ ಇನ್ನೊಂದಿರಲಿಲ್ಲ. ಪದ್ಮರಾಜನಿಗೆ ಅದರ ಮೇಲೆ ಅಭಿಮಾನ. ಅದನ್ನು ಅವನು ಮುಚ್ಚಿಡುತ್ತಲೂ ಇರಲಿಲ್ಲ.

ಅದೇ ಬೀದಿಯಲ್ಲಿ ಚಂಪಕ್ಕ ಎಂಬ ಹೆಂಗಸಿದ್ದಳು. ಬಟ್ಟೆ ಹೊಲಿಯುವುದು ಆಕೆಯ ಕೆಲಸ. ಗಂಡ ನೇಮಣ್ಣನಿಗೆ ಕಣ್ಣು ಕಾಣದು. ಹೆಂಡತಿಯ ದನಿ ಹಿಡಿದೇ ಅವನು ಮನೆಯೊಳಗೆ ಓಡಾಡುತ್ತಿದ್ದ. ಹೀಗಿರುವಾಗ ಚಂಪಕ್ಕನ ಗಂಟಲಲ್ಲಿ ಗಡ್ಡೆ ಬೆಳೆಯಿತು. ತೆಗೆಯದೆ ಗತಿಯಿಲ್ಲ, ತೆಗೆದ ಮೇಲೆ ದನಿ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದರು.

ಚಂಪಕ್ಕ ಅಳುತ್ತ ಕೂರಲಿಲ್ಲ. ಮನೆಯಲ್ಲಿ ದಿನವೂ ಆಡುವ ಮೂವತ್ತು ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಪದ್ಮರಾಜನ ಬಳಿಗೆ ಬಂದಳು. ಹೊಸಿಲು ಬಂತು, ಕಾಲೆತ್ತಿ. ಚಹಾ ಬಿಸಿ ಇದೆ, ಮೆಲ್ಲಗೆ. ನಾನು ಇಲ್ಲೇ ಇದ್ದೇನೆ. ಇಂಥವೇ ಮಾತುಗಳು. ಇವನ್ನು ಹಿಡಿದಿಟ್ಟುಕೊಂಡರೆ ಮುಂದೆ ಫೋನಿನಲ್ಲಿ ಒತ್ತಿ ಗಂಡನಿಗೆ ಕೇಳಿಸಬಹುದು ಎಂಬುದು ಆಕೆಯ ಯೋಚನೆ. ಅಂದು ಸಂಜೆ ನಾಲ್ಕಕ್ಕೆ ಆಸ್ಪತ್ರೆ ಸೇರಬೇಕಿತ್ತು.

ದನಿ ಆಗಲೇ ಕುಗ್ಗಿತ್ತು. ಪದ್ಮರಾಜನ ಯಂತ್ರ ಹಿಡಿಯಲು ಹೋದರೆ ಮಾತಿಗಿಂತ ಬುಸುಗುಟ್ಟುವ ಸದ್ದೇ ಹೆಚ್ಚು ಬಂತು. ಕುಗ್ಗಿದ ದನಿಯನ್ನು ಎತ್ತಿ ಕೊಡುವ ಪೆಟ್ಟಿಗೆ ಊರಿನಲ್ಲಿ ಒಂದೇ ಇತ್ತು. ಅದು ಗಫಾರ್ ಸಾಹೇಬರದು. ಪದ್ಮರಾಜನಿಗೆ ಈ ಕೆಲಸ ಕಲಿಸಿದವರು ಅವರೇ. ಆದರೆ ಮೂರು ವರ್ಷದ ಹಿಂದೆ ಪದ್ಮರಾಜ ನಾಲ್ಕು ಜನರ ಎದುರು ಆ ಪೆಟ್ಟಿಗೆಯನ್ನು ಗುಜರಿ ಎಂದಿದ್ದ. ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಈಗ ಹೇಳಿ ಕಳಿಸಿದಾಗ ಸಾಹೇಬರು ಪೆಟ್ಟಿಗೆಯನ್ನು ತಾವೇ ಹೊತ್ತುಕೊಂಡು ಬಂದರು. ಹಳೆಯ ವಿಷಯ ಎತ್ತಲಿಲ್ಲ.

ಆ ಪೆಟ್ಟಿಗೆಯೂ ದನಿಯನ್ನು ಅಂಕಿ ಮಾಡಿ ಒಂದು ತಂತಿಯಲ್ಲಿ ಹೊರಗೆ ಕಳಿಸುತ್ತಿತ್ತು. ಅದರೊಳಗೂ ಒಂದು ಗಡಿಯಾರವಿತ್ತು. ಅದೂ ಸೆಕೆಂಡಿಗೆ ನಲವತ್ತೆಂಟು ಸಾವಿರವನ್ನೇ ಎಣಿಸುತ್ತಿತ್ತು. ತಂತಿ ಜೋಡಿಸಿದರು. ಚಂಪಕ್ಕ ಮೊದಲ ಮಾತು ಆಡಿದಳು. ದನಿ ತುಂಬಿ ಬಂತು. ಆದರೆ ನಡುವೆ ಟಿಕ್ ಎಂದು ಒಂದು ಸದ್ದು. ಇನ್ನೊಮ್ಮೆ ಹೇಳಿಸಿದರು. ಟಿಕ್ ಎಂಬ ಸದ್ದು ಇನ್ನೊಂದು ಜಾಗದಲ್ಲಿ ಬಂತು.

ಪದ್ಮರಾಜ ತಂತಿ ಬದಲಿಸಿದ. ಮೈಕು ಬದಲಿಸಿದ. ಫ್ಯಾನು ನಿಲ್ಲಿಸಿದ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ. ಪ್ರತಿ ಸಲವೂ ಚಂಪಕ್ಕ ಅದೇ ಮಾತನ್ನು ಮತ್ತೆ ಆಡಬೇಕಾಯಿತು.

ಸಾಹೇಬರು ಕಣ್ಣು ಮುಚ್ಚಿ ಆಲಿಸಿದರು. "ತಂತಿಯ ದೋಷವಲ್ಲಪ್ಪಾ. ಎರಡು ಗಡಿಯಾರ ತಮ್ಮ ತಮ್ಮ ಪಾಡಿಗೆ ಎಣಿಸುತ್ತಿವೆ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಎಲ್ಲೋ ಒಂದು ಚೂರು ತಪ್ಪಿ ಬೀಳುತ್ತದೆ. ಅದೇ ಈ ಸದ್ದು. ನಿನ್ನ ಯಂತ್ರವನ್ನು ನನ್ನದರ ಹಿಂದೆ ನಡೆಸು" ಎಂದರು.

"ನಿಖರವಾದದ್ದು ನನ್ನದು ಸಾಹೇಬರೇ. ಹಿಂದೆ ನಡೆಯಬೇಕಾದದ್ದು ನಿಮ್ಮದು."

"ಬೇರೆಯವರ ಎಣಿಕೆ ಕೇಳುವ ದಾರಿಯನ್ನೇ ಇದಕ್ಕೆ ಇಟ್ಟಿಲ್ಲ. ಇದಕ್ಕೆ ಗೊತ್ತಿರುವುದು ತನ್ನದೊಂದೇ. ನಿನ್ನದಕ್ಕೆ ಎರಡೂ ಬರುತ್ತವೆ."

ಅದು ನಿಜವೆಂದು ಪದ್ಮರಾಜನಿಗೆ ಗೊತ್ತಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ. ತಾನು ಗುಜರಿ ಎಂದ ಪೆಟ್ಟಿಗೆಯ ಹಿಂದೆ ತನ್ನ ಯಂತ್ರ ನಡೆಯುವುದನ್ನು ಅವನ ಮನಸ್ಸು ಒಪ್ಪಲಿಲ್ಲ. ಅದೂ ಸಾಹೇಬರ ಕಣ್ಣೆದುರಿಗೆ. ಇನ್ನೊಂದು ತಂತಿ ಹುಡುಕಿದ. ಅದನ್ನೂ ಹಾಕಿ ನೋಡಿದ. ಮತ್ತೆ ಟಿಕ್. ಹನ್ನೊಂದಕ್ಕೆ ಶುರುವಾದ ಕೆಲಸ, ಒಂದೂವರೆಯಾದರೂ ಒಂದು ಮಾತೂ ಸರಿಯಾಗಿ ಕೂಡಿರಲಿಲ್ಲ. ಹೆಂಡತಿಯೊಡನೆ ಬಂದು ಹೊರಗೆ ಜಗುಲಿಯ ಮೇಲೆ ಕುಳಿತಿದ್ದ ನೇಮಣ್ಣ, "ಆಯಿತೇನಪ್ಪಾ?" ಎಂದು ಕೇಳಿದ.

ಚಂಪಕ್ಕ ಬೈಯಲಿಲ್ಲ. ಬೈಯುವುದಕ್ಕೂ ದನಿ ಬೇಕು. ಹಾಳೆಯನ್ನು ಮಗುಚಿ, ಅದರ ಬೆನ್ನ ಮೇಲೆ ಏನನ್ನೋ ಬರೆದು ಪದ್ಮರಾಜನ ಮುಂದೆ ಹಿಡಿದಳು. 'ಇದೊಂದನ್ನು ಇನ್ನೂ ಎಷ್ಟು ಸಲ ಹೇಳಬೇಕು?' ಬಾಯಿಗೆ ಒತ್ತಿಕೊಂಡಿದ್ದ ಸೆರಗಿನ ಅಂಚಿನಲ್ಲಿ ಕೆಂಪು ಕಲೆಯಿತ್ತು.

ಪದ್ಮರಾಜ ಆ ಕಲೆಯನ್ನು ನೋಡಿದ. ತನ್ನ ಯಂತ್ರದ ಕಡೆ ತಿರುಗಿದ. ಪರದೆಯ ಮೇಲೆ 'ಸ್ವಂತ ಗಡಿಯಾರ' ಎಂದಿದ್ದುದನ್ನು 'ಹೊರಗಿನ ಗಡಿಯಾರ' ಎಂದು ಬದಲಿಸಿದ. ಒಂದು ಸಣ್ಣ ದೀಪ ಮಿಣುಕಿತು. ಮೂವರೂ ಅದನ್ನೇ ನೋಡಿದರು. ಎರಡರ ಎಣಿಕೆ ಕೂಡಿತು ಎಂಬ ಗುರುತಾಗಿ ದೀಪ ನಿಂತು ಉರಿಯಿತು. ಇಷ್ಟಕ್ಕೂ ಅರ್ಧ ನಿಮಿಷ ಹಿಡಿಯಿತು.

ಚಂಪಕ್ಕ ಮಾತಾಡಿದಳು. ಟಿಕ್ ಎಂಬ ಸದ್ದು ಬರಲಿಲ್ಲ. ಎರಡನೆಯದು ಆಡಿದಳು. ಅದೂ ಸ್ವಚ್ಛವಾಗಿ ಬಂತು. ಆರನೆಯ ಮಾತಿಗೆ ದನಿ ಒಡೆಯಿತು. ನೀರು ಕುಡಿದು ಮುಂದುವರಿಸಿದಳು. ಒಂಬತ್ತು ಮುಗಿಯಿತು. ಹತ್ತನೆಯದಕ್ಕೆ ತುಟಿ ಅಲುಗಿತು, ದನಿ ಹೊರಡಲಿಲ್ಲ. ಸ್ವಲ್ಪ ಹೊತ್ತು ಕಾದರು. ಆಮೇಲೂ ಹೊರಡಲಿಲ್ಲ. ಆಕೆ ಹಾಳೆ ಮಡಚಿಕೊಂಡು ಎದ್ದಳು. ಸಾಹೇಬರು ತಮ್ಮ ತಂತಿಯನ್ನು ಸುತ್ತಿಕೊಂಡರು. ಪದ್ಮರಾಜನಿಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಚಂಪಕ್ಕ ಬದುಕಿದಳು. ಈಗ ಆ ಮನೆಯಲ್ಲಿ ಫೋನು ಒಂಬತ್ತು ಮಾತು ಆಡುತ್ತದೆ. ಉಳಿದ ಇಪ್ಪತ್ತೊಂದಕ್ಕೆ ಆಕೆ ಗಂಡನ ಭುಜ ಮುಟ್ಟುತ್ತಾಳೆ, ಇಲ್ಲವೇ ಚಪ್ಪಾಳೆ ತಟ್ಟುತ್ತಾಳೆ. ಆ ದಾರಿಯಲ್ಲಿ ಹೋಗುವಾಗ ಒಳಗಿನಿಂದ ಆ ದನಿ ಕೇಳಿದರೆ ಪದ್ಮರಾಜ ನಿಂತುಬಿಡುತ್ತಾನೆ. ಚಪ್ಪಾಳೆ ಕೇಳಿದರೆ ಬೇಗ ಬೇಗ ನಡೆದುಬಿಡುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

"ಆದರೂ ಗುರುಗಳೇ, ಆ ಎರಡು ಗಡಿಯಾರಗಳಲ್ಲಿ ಸರಿಯಾದದ್ದು ಯಾವುದು?"

"ದಿನವೂ ಆ ದನಿ ಕೇಳುವ ನೇಮಣ್ಣ ಒಮ್ಮೆಯೂ ಈ ಪ್ರಶ್ನೆ ಕೇಳಿಲ್ಲ."